ಅಪ್ಪನ ಕತ್ತಿ ಮತ್ತು ನನ್ನ ಮೀಸೆ

ಹರಿತವಾದ ವಸ್ತುಗಳಿಗೂ ನನಗೂ ಇರುವುದು ದೂರದ ನಮಸ್ಕಾರದ ಸಂಬಂಧ. ಮನೆಯಲ್ಲಿ ತೆಂಗಿನಕಾಯಿ ಒಡೆಯುವಾಗ ನಾನು ಬೇರೆ ಕೋಣೆಗೆ ಹೋಗುತ್ತೇನೆ. ಮೆಟ್ಟುಕತ್ತಿಯ ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿಡುವವನೂ ನಾನೇ. ಐರೋಲಿಯ ಆಫೀಸಿನಲ್ಲಿ ನನಗೆ ಸಿಕ್ಕಿದ ಕೆಲಸವೂ ಅಂಥದ್ದೇ. ಕಟ್ಟಡದಲ್ಲಿ ಯಾರಿಗೆ ಎಲ್ಲಿ ಏನು ಅಪಘಾತ ಆಗಬಹುದು ಎಂದು ಮೊದಲೇ ಊಹಿಸಿ ಬರೆದಿಡಬೇಕು. ಸಂಬಳ ಕೊಡದಿದ್ದರೂ ನಾನು ಆ ಕೆಲಸ ಮಾಡುತ್ತಿದ್ದೆ ಎನ್ನುತ್ತಾಳೆ ಹೆಂಡತಿ. ಇಂಥ ನಾನು ಐವತ್ತೊಂದನೆಯ ವಯಸ್ಸಿನಲ್ಲಿ, ಡೊಂಬಿವಲಿಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುಳಿತು ಕ್ಷೌರದ ಕತ್ತಿ ಮಸೆಯಲು ಕಲಿಯಬೇಕಾಯಿತು. ಕಾರಣ ಅಪ್ಪನ ಗಡ್ಡ.

ಅಪ್ಪನಿಗೆ ಎಂಬತ್ತನಾಲ್ಕು. ಉಡುಪಿಯ ಕಡೆಯಿಂದ ಹುಡುಗನಾಗಿ ಬಂದು, ಕಲ್ಯಾಣ ಸ್ಟೇಷನ್ನಿನ ಹತ್ತಿರದ ಸಸ್ಯಾಹಾರಿ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಅಡುಗೆಮನೆಯ ಮೇಲ್ವಿಚಾರಣೆಯವರೆಗೆ ನಲವತ್ತು ವರ್ಷ ದುಡಿದವರು. ಆ ನಲವತ್ತು ವರ್ಷವೂ ಮೊದಲ ಇಡ್ಲಿ ಇಳಿಯುವ ಮುಂಚೆ ಅವರ ಕ್ಷೌರ ಮುಗಿದಿರುತ್ತಿತ್ತು. ಅಡುಗೆಯವನ ಗಲ್ಲ ಅಡುಗೆಯ ತಟ್ಟೆಯಷ್ಟೇ ಚೊಕ್ಕಟ ಇರಬೇಕು ಎಂಬುದು ಅವರ ಕಾನೂನು. ಕೈಯಲ್ಲಿ ಅದೇ ಮಡಚುವ ಕತ್ತಿ, ಇಲ್ಲಿಯವರು ಉಸ್ತರಾ ಎನ್ನುವುದು. ಬೇರೆ ಯಾವ ಬ್ಲೇಡನ್ನೂ ಅವರು ಮುಖಕ್ಕೆ ಮುಟ್ಟಿಸಿದವರಲ್ಲ.

ಕೈ ನಡುಗತೊಡಗಿದ ಮೇಲೆ ಕೋಪರಿಯಲ್ಲಿದ್ದ ಒಬ್ಬ ಹಳೆಯ ಕ್ಷೌರಿಕನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ನಾವು ಮೊದಲು ಅಲ್ಲೇ ಇದ್ದವರು. ಆತ ಅಪ್ಪನ ಕತ್ತಿಯಿಂದಲೇ ಅಪ್ಪನಿಗೆ ಕ್ಷೌರ ಮಾಡುತ್ತಿದ್ದ. ಕತ್ತಿಗೆ ಸಾಣೆಯನ್ನೂ ಅವನೇ ಹಿಡಿಯುತ್ತಿದ್ದ. ಅವನ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ. ಈಗಿನ ಸಲೂನುಗಳಲ್ಲಿ ಇರುವುದು ಅರ್ಧ ಬ್ಲೇಡು ಸಿಕ್ಕಿಸಿ, ಆಮೇಲೆ ಎಸೆಯುವ ಕತ್ತಿ. ಅಪ್ಪನ ದೃಷ್ಟಿಯಲ್ಲಿ ಅದು ಎಂಜಲೆಲೆ.

ಇದರ ನಡುವೆ ಅಪ್ಪನ ಮನಸ್ಸು ಕೂಡ ಜಾರತೊಡಗಿತ್ತು. ಕೆಲವು ಬೆಳಿಗ್ಗೆ ಎದ್ದು ಹಾಲಿನವನು ಹೋಟೆಲಿಗೆ ಬಂದನಾ ಎಂದು ಕೇಳುತ್ತಿದ್ದರು. ನನ್ನ ಹೆಂಡತಿಯನ್ನು ತೀರಿಹೋದ ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು. ಒಮ್ಮೆ ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಿಸಿದ್ದಾಗ ಕೈಗೆ ಹಾಕಿದ ನಳಿಗೆಯನ್ನು ಕಿತ್ತೆಸೆದು, ಮನೆಗೆ ಬಂದ ಮೇಲೆ ಹತ್ತು ದಿನ ನನ್ನನ್ನು ಗುರುತಿಸಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಅವರಿಗೆ ಗೊತ್ತಿರುವ ಕೆಲಸಗಳನ್ನು ತಪ್ಪಿಸಬೇಡಿ, ಊಟ, ಸ್ನಾನ, ಕ್ಷೌರ, ಅದೇ ಅವರು ಹಿಡಿದುಕೊಂಡಿರುವ ಹಗ್ಗ. ಊಟ, ನೀರು, ಮಾತ್ರೆ ನಿಲ್ಲುವ ಹಾಗಿಲ್ಲ, ಕಿಡ್ನಿ ಮೊದಲೇ ದಣಿದಿದೆ. ಈ ವಯಸ್ಸಿನಲ್ಲಿ ಒಮ್ಮೆ ಉಣ್ಣುವುದನ್ನು ಬಿಟ್ಟರೆ ಮತ್ತೆ ಹತ್ತಿಸುವುದು ಕಷ್ಟ.

ಹಗ್ಗ ಎಂದ ಕೂಡಲೇ ನನಗೆ ಅದು ಹರಿಯುವುದೇ ಕಾಣಿಸಿತು. ನನ್ನ ಸ್ವಭಾವ ಅದು.

ಪಿತೃಪಕ್ಷ ಶುರುವಾಗುವ ಮುಂಚಿನ ದಿನ ಅಪ್ಪ ತಮ್ಮ ಕಬ್ಬಿಣದ ಟ್ರಂಕಿನಿಂದ ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ ಮೂರನ್ನೂ ತೆಗೆಸಿ ನನ್ನ ಮುಂದೆ ಇರಿಸಿದರು.

"ನಾಳೆಯಿಂದ ಹದಿನೈದು ದಿನ ನಾನು ಗಡ್ಡ ತೆಗೀಲಿಕ್ಕಿಲ್ಲ," ಎಂದರು. ತಂದೆ ಇಲ್ಲದವರು ಆ ಪಕ್ಷದಲ್ಲಿ ಕ್ಷೌರ ಮಾಡಿಸುವುದಿಲ್ಲ ಎಂಬುದು ನಮ್ಮಲ್ಲಿ ರೂಢಿ. "ಅಷ್ಟರ ಒಳಗೆ ಇದಕ್ಕೆ ಬಾಯಿ ಬರಿಸು. ಅಮಾಸೆ ಕಳೆದ ಮರುದಿನ ಬೆಳಿಗ್ಗೆ ನೀನೇ ನನಗೆ ಮಾಡು."

"ನನಗೆ ಬರೂದಿಲ್ಲ ಅಪ್ಪ. ಎಲ್ಲಾದ್ರೂ ತಾಗಿದ್ರೆ?"

"ತಾಗಿದ್ರೆ ರಕ್ತ ಬರ್ತದೆ. ಅದಕ್ಕೆ ಹಚ್ಚಲಿಕ್ಕೆ ಪಟಿಕದ ಕಲ್ಲು ಉಂಟು. ನೀನು ಹುಟ್ಟುವ ಮೊದಲೇ ಹೆದರಿಕೊಂಡಿದ್ದವ. ಒಂಬತ್ತು ತಿಂಗಳು ಕಳೆದ್ರೂ ಹೊರಗೆ ಬರ್ಲಿಕ್ಕೆ ಕೇಳಲಿಲ್ಲ."

ಹಾಗೆ ಶುರುವಾಯಿತು. ಫೋನಿನಲ್ಲಿ ಕತ್ತಿ ಮಸೆಯುವ ವೀಡಿಯೋಗಳನ್ನು ಲೋಕಲ್ ಟ್ರೇನಿನಲ್ಲಿ ನೋಡುತ್ತಿದ್ದೆ. ಮುಂಬ್ರಾದ ಗುಡ್ಡ ಕಿಟಕಿಯಲ್ಲಿ ಹಾದುಹೋಗುವ ಹೊತ್ತಿಗೆ ಪಕ್ಕದವರ ಕಣ್ಣು ನನ್ನ ಪರದೆಯ ಮೇಲೆ ಬೀಳುತ್ತಿತ್ತು, ಆಮೇಲೆ ನನ್ನ ಮೇಲೆ. ಒಬ್ಬ ಸೀಟು ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಂತ. ಡೊಂಬಿವಲಿಯ ಟ್ರೇನಿನಲ್ಲಿ ಮನುಷ್ಯ ತಾನಾಗಿ ಸೀಟು ಬಿಟ್ಟುಕೊಡುವುದನ್ನು ನಾನು ಅದೊಂದೇ ಸಲ ಕಂಡದ್ದು.

ಮಸೆಯುವ ಕ್ರಮ ಹೇಳಲು ಸುಲಭ. ಕಲ್ಲಿಗೆ ನೀರು ಹಾಕಬೇಕು. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ಅಂಟಿಕೊಂಡಿರುವ ಹಾಗೆ ಮಲಗಿಸಬೇಕು. ಬಾಯಿ ಮುಂದಾಗಿ ದೂಡಬೇಕು. ಕೊನೆಗೆ ತಲುಪಿದ ಮೇಲೆ ಬೆನ್ನಿನ ಮೇಲೆ ಮಗುಚಿ ವಾಪಸು ತರಬೇಕು. ಕಲ್ಲಿನ ಕೆಲಸ ಮುಗಿದ ಮೇಲೆ ಚರ್ಮದ ಪಟ್ಟಿ. ಅಲ್ಲಿ ತಿರುವುಮುರುವು, ಬೆನ್ನು ಮುಂದೆ, ಬಾಯಿ ಹಿಂದೆ. ಇದನ್ನು ಮರೆತು ಮೊದಲ ದಿನವೇ ಪಟ್ಟಿಯ ಅಂಚಿನಿಂದ ಒಂದು ಸೀಳು ಹಾರಿಸಿದೆ.

ನಾನು ಬಾಲ್ಕನಿಯಲ್ಲಿ ಮಸೆಯುತ್ತಿದ್ದರೆ ಅಪ್ಪ ಒಳಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ನಿದ್ದೆ ಎಂದು ನಾನು ತಿಳಿದಾಗಲೇ ಅವರ ಮಾತು ಕೇಳುತ್ತಿತ್ತು.

"ಬೆನ್ನು ಏಳ್ತಾ ಉಂಟು."

ನೋಡಿದರೆ ನಿಜವಾಗಿ ಕೂದಲೆಳೆಯಷ್ಟು ಎದ್ದಿರುತ್ತಿತ್ತು.

"ನೀರು ಸಾಲದು." ಸ್ವಲ್ಪ ಹೊತ್ತು ಬಿಟ್ಟು, "ಆ ಮೂಲೆ ಮುಟ್ಟಲಿಲ್ಲ ನೀನು."

ಹೊಸ ಡೊಂಬಿವಲಿಯ ಗದ್ದಲ, ಕೆಳಗೆ ರಿಕ್ಷಾಗಳ ಗುರುಗುರು, ಎದುರಿನ ಕಟ್ಟಡದಲ್ಲಿ ಡ್ರಿಲ್ಲಿನ ಸದ್ದು. ಇದೆಲ್ಲದರ ನಡುವೆ ಕಲ್ಲಿನ ಮೇಲೆ ಉಕ್ಕು ಹರಿಯುವ ಆ ಸಣ್ಣ ಸುಯ್ಯೆಂಬ ದನಿಯೊಂದನ್ನೇ ಅವರ ಕಿವಿ ಹೆಕ್ಕಿಕೊಳ್ಳುತ್ತಿತ್ತು. ಮೊಮ್ಮಗಳ ಹೆಸರು ಮರೆತುಹೋಗಿದ್ದ ಮನುಷ್ಯ ಕತ್ತಿಯ ಯಾವ ಮೂಲೆ ಕಲ್ಲಿಗೆ ತಾಗಲಿಲ್ಲ ಎಂದು ಗೋಡೆಗೆ ಮುಖ ಮಾಡಿ ಹೇಳುತ್ತಿದ್ದರು. ನನ್ನ ಬೆನ್ನಿಗೆ ಸಣ್ಣಗೆ ಚಳಿಯಾಗುತ್ತಿತ್ತು. ಸೆಪ್ಟೆಂಬರಿನ ಸೆಕೆಯಲ್ಲಿ ಅದೂ ಒಂದು ಲಾಭವೇ.

ಬಾಲ್ಕನಿಯ ಕಿಟಕಿಗೆ ಹೊರಗೆ ಚಾಚಿಕೊಂಡ ಕಬ್ಬಿಣದ ಗ್ರಿಲ್ ಇದೆ. ಪಕ್ಷದ ದಿನಗಳಲ್ಲಿ ನಮ್ಮ ಕಟ್ಟಡದಲ್ಲಿ ಪ್ರತಿ ಮನೆಯವರೂ ತಮ್ಮ ತಮ್ಮ ತಿಥಿಗೆ ಹಿರಿಯರ ಹೆಸರಿನಲ್ಲಿ ಎಲೆಯ ಮೇಲೆ ಅನ್ನ, ವಡೆ, ಪಾಯಸ ಇಟ್ಟು ಕಾಗೆಗೆ ಕಾಯುತ್ತಾರೆ. ಆ ಹದಿನೈದು ದಿನ ಕಾಗೆಗಳಿಗೆ ಹಸಿವೇ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಸಿ ಡಬ್ಬಗಳ ಮೇಲೆ ಸಾಲಾಗಿ ಕುಳಿತು, ಮದುವೆ ಊಟ ಮುಗಿಸಿದವರ ಹಾಗೆ ಸುಮ್ಮನೆ ನೋಡುತ್ತಿರುತ್ತವೆ. ನಾನು ಮಸೆಯುವುದನ್ನೂ ನೋಡುತ್ತಿದ್ದವು. ನಮ್ಮ ಮನೆಯಲ್ಲಿ ಅಪ್ಪನಿಂದ ಆಗಬೇಕಾದ ತರ್ಪಣವನ್ನು ಊರಿನಲ್ಲಿರುವ ಚಿಕ್ಕಪ್ಪ ಮಾಡಿಸುತ್ತಿದ್ದರು. ತಂದೆ ಇರುವವನಾದ ನನಗೆ ಅದರಲ್ಲಿ ಏನೂ ಕೆಲಸವಿರಲಿಲ್ಲ.

ಕತ್ತಿ ಹದಕ್ಕೆ ಬಂತೋ ಇಲ್ಲವೋ ನೋಡಲು ಮುಂಗೈಯ ಕೂದಲಿನ ಮೇಲೆ ಆಡಿಸಬೇಕು. ಚರ್ಮಕ್ಕೆ ತಾಗದೆ ಕೂದಲಿನ ತುದಿ ಹಾರಿದರೆ ಹದ. ಮೊದಲ ವಾರ ಕೂದಲು ಬಗ್ಗಿತು, ಹಾರಲಿಲ್ಲ. ಎಂಟನೆಯ ದಿನ ಹಾರತೊಡಗಿತು. ಹತ್ತನೆಯ ದಿನ, ಶನಿವಾರದ ಹೊತ್ತಿಗೆ, ನನ್ನ ಎರಡೂ ಮುಂಗೈಗಳು ನುಣ್ಣಗಾಗಿ ಪರೀಕ್ಷೆಗೆ ಕೂದಲೇ ಉಳಿದಿರಲಿಲ್ಲ. ಬುದ್ಧಿ ಇರುವವರು ಅಲ್ಲಿಗೆ ನಿಲ್ಲಿಸುತ್ತಿದ್ದರು.

ಬೆಳಿಗ್ಗೆ ಏಳು ಗಂಟೆ. ಬಾತ್ರೂಮಿನ ಕನ್ನಡಿಯ ಮುಂದೆ ನಿಂತು, ಮೀಸೆಯ ಬಲತುದಿಯಲ್ಲಿ ಹೊರಗೆ ಚಾಚಿದ್ದ ಒಂದೇ ಕೂದಲಿಗೆ ಅಲಗನ್ನು ಹಿಡಿದೆ. ಎಳೆದ ಹಾಗೆ ಅನ್ನಿಸಲೇ ಇಲ್ಲ. ನೋಡಿದರೆ ಬೆರಳಗಲದಷ್ಟು ಮೀಸೆ ಇಲ್ಲ. ವಾಶ್‌ಬೇಸಿನ್ನಿನ ನೀರಿನ ಮೇಲೆ ಕೂದಲು ತೇಲುತ್ತಿತ್ತು. ಇನ್ನೊಂದು ಬದಿಯನ್ನು ಸರಿದೂಗಿಸಲು ಹೋದೆ. ಅದು ಸ್ವಲ್ಪ ಹೆಚ್ಚಾಯಿತು. ಮತ್ತೆ ಬಲಕ್ಕೆ. ತಕ್ಕಡಿಯಲ್ಲಿ ಬೆಣ್ಣೆ ತೂಗಿದ ಕಥೆಯಾಯಿತು. ಆ ಕತ್ತಿ ಕೈಯಲ್ಲಿದ್ದಾಗ ಅದನ್ನು ನಡೆಸುವವನು ನಾನು ಅನ್ನಿಸುತ್ತಿರಲಿಲ್ಲ. ಹತ್ತು ದಿನ ಅದನ್ನು ಮಸೆದು ಎಬ್ಬಿಸಿದವನು ನಾನು, ಎದ್ದ ಮೇಲೆ ಅದು ತನ್ನ ಕೆಲಸ ಮಾಡಿಕೊಂಡಿತು. ಐದು ನಿಮಿಷದಲ್ಲಿ ಮೂಗಿನ ಕೆಳಗೆ ಏನೂ ಇರಲಿಲ್ಲ.

ಆಗ ನೆನಪಾಯಿತು.

ನಮ್ಮಲ್ಲಿ ತಂದೆ ಬದುಕಿರುವವನು ಮೀಸೆ ಬೋಳಿಸುವುದಿಲ್ಲ. ಅದನ್ನು ತೆಗೆಯುವುದು ತಂದೆ ತೀರಿಕೊಂಡ ಮೇಲೆ, ಕ್ರಿಯೆಗೆ ಕೂರುವಾಗ. ಕಾಲೇಜಿನಲ್ಲಿದ್ದಾಗ ಫ್ಯಾಷನ್ನಿಗೆ ಒಮ್ಮೆ ತೆಗೆಸಿಕೊಂಡು ಬಂದಿದ್ದೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ನಾನಿನ್ನೂ ಇದ್ದೇನೆ," ಎಂದಷ್ಟೇ ಹೇಳಿ ಅದು ಪೂರಾ ಬೆಳೆಯುವ ತನಕ ನನ್ನ ಮುಖ ನೋಡಲಿಲ್ಲ. ಈಗ, ಅದೂ ಪಿತೃಪಕ್ಷದಲ್ಲಿ, ಅದೂ ಅವರದೇ ಕತ್ತಿಯಿಂದ.

ಕನ್ನಡಿಯಲ್ಲಿ ನನ್ನ ಹಿಂದೆ ಏನೋ ಅಲುಗಿತು. ಅಪ್ಪ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ. ಅವರ ವಾಕರಿನ ಟಕಟಕ ಸದ್ದು ಇಡೀ ಮನೆಗೆ ಕೇಳುತ್ತದೆ, ಅಂದು ನನಗೆ ಕೇಳಿರಲಿಲ್ಲ. ನನ್ನ ಮೂಗಿನ ಕೆಳಗಿನ ಬಿಳಿಚಿದ ಜಾಗವನ್ನೇ ನೋಡಿದರು. ಕೋಪ ಬರಲಿಲ್ಲ. ಮುಖದ ಗಂಟುಗಳೆಲ್ಲ ಒಂದೊಂದಾಗಿ ಸಡಿಲವಾದವು.

"ಹಾಗಾದ್ರೆ ಆಯ್ತು," ಎಂದರು. "ನನಗೆ ಗೊತ್ತೇ ಆಗಲಿಲ್ಲ ನೋಡು. ನೋವು ಗೀವು ಏನೂ ಇಲ್ಲ."

"ಏನು ಅಪ್ಪ?"

"ನಾನು ಹೋದದ್ದು."

ತಿರುಗಿ ಹೋಗಿ ಮಂಚದ ಮೇಲೆ ನೆಟ್ಟಗೆ ಮಲಗಿದರು. ಎರಡು ಕಾಲ ಹೆಬ್ಬೆರಳುಗಳನ್ನು ಜೋಡಿಸಿಕೊಂಡರು.

ಮೊದಲು ನಾವು ಅದನ್ನು ತಮಾಷೆ ಎಂದೇ ತಿಳಿದೆವು. ಮಗಳು ನನ್ನನ್ನು ನೋಡಿ, "ಪಪ್ಪಾ, ಮೂಂಛ್ ಕಹಾಂ ಗಯೀ?" ಎಂದು ಮೀಸೆ ಹೋದ ಜಾಗ ತೋರಿಸಿ ನಗತೊಡಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹೆಂಡತಿ ಇಡ್ಲಿ ತಂದಳು. ಅವಳು ಹುಬ್ಬಳ್ಳಿಯವಳು. ಅವಳು ಬಂದ ಮೇಲೆ ನಮ್ಮ ಮನೆಯ ತುಳು ಹಿಂದಕ್ಕೆ ಸರಿದು ಮೂರು ಬಗೆಯ ಕನ್ನಡ ಉಳಿಯಿತು.

"ಮಾವಾರ, ಏಳ್ರಿ, ನಾಷ್ಟಾ ಆರತೈತಿ."

"ನನಗೆ ಯಾಕಮ್ಮ ಇನ್ನು? ನೀವು ತಿನ್ನಿ. ಸೂತಕದ ಮನೆಯಲ್ಲಿ ಒಲೆ ಯಾಕೆ ಹಚ್ಚಿದ್ದು?"

ಮಧ್ಯಾಹ್ನವೂ ಅದೇ. ಮಾತ್ರೆ ಕೊಟ್ಟರೆ ಬಾಯಿ ತೆರೆಯಲಿಲ್ಲ. ನೀರಿನ ಲೋಟವನ್ನು ಅಂಗೈಯಿಂದ ಮೃದುವಾಗಿ ದೂರ ಸರಿಸಿದರು. ನಾನು ಎದುರಿಗೆ ಕುಳಿತು, ನೀವು ಬದುಕಿದ್ದೀರಿ, ಇದು ನನ್ನ ತಪ್ಪು, ಕತ್ತಿ ತುಂಬ ಹರಿತವಾಯಿತು ಎಂದು ಎಷ್ಟು ಬಗೆಯಲ್ಲಿ ಹೇಳಿದೆನೋ. ಅವರು ಕೇಳಿಸಿಕೊಂಡರು. ಸತ್ತವರ ಎದುರು ಅಳುವವರನ್ನು ಸತ್ತವರು ಕೇಳಿಸಿಕೊಳ್ಳುವುದು ಹೀಗೇ ಇರಬೇಕು, ಅಯ್ಯೋ ಪಾಪ ಎಂಬ ಹಾಗೆ.

ಹೆದರಿಸಿದ್ದು ಅವರ ಹಟ ಅಲ್ಲ, ಅವರ ನೆಮ್ಮದಿ. ವರ್ಷಗಳಿಂದ ಅವರ ಮೊಣಕಾಲು ನೋವಿನ ನರಳಾಟ ನಮ್ಮ ಮನೆಯ ಗಡಿಯಾರವಾಗಿತ್ತು. ಆ ಶನಿವಾರ ಅದು ನಿಂತುಹೋಯಿತು. ಕೈ ನಡುಗಲಿಲ್ಲ. ಸಂಜೆಗೆ ಎದ್ದು ವಾಕರನ್ನು ಮುಟ್ಟದೆ ಬಾಲ್ಕನಿಗೆ ನಡೆದುಹೋದರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಅಲ್ಲಿ ನಿಂತು, ಎದುರಿನ ಕಾಗೆಗಳ ಕಡೆ ನೋಡುತ್ತ, ನನ್ನ ಬಗ್ಗೆ ಯಾರಿಗೋ ಹೇಳಿದರು.

"ಪುಕ್ಕಲ. ಆದರೆ ನೋಡಿಕೊಂಡ. ಚೆನ್ನಾಗಿಯೇ ನೋಡಿಕೊಂಡ."

ನಾನು ಅವರ ಹಿಂದೆಯೇ ನಿಂತಿದ್ದೆ. ಬದುಕಿದ್ದಾಗ ಅಪ್ಪ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿದವರಲ್ಲ. ಹೀಗೆ ಯೋಚಿಸಿದ್ದು ನನಗೇ ಕೇಳಿತು. ಬದುಕಿದ್ದಾಗ ಎಂದು ನಾನೂ ಶುರು ಮಾಡಿದ್ದೆ.

ಭಾನುವಾರ ಬೆಳಿಗ್ಗೆ ಹಾಲಿನ ಚೀಲ ತೆಗೆಯಲು ಬಾಗಿಲು ತೆರೆದಾಗ ಎದುರು ಮನೆಯ ಮರಾಠಿ ಹೆಂಗಸು ತನ್ನ ಚೀಲಕ್ಕೆ ಬಗ್ಗಿದ್ದರು. ತಲೆ ಎತ್ತಿ ನನ್ನ ಮೂಗಿನ ಕೆಳಗೆ ನೋಡಿ, ಕೈಯಲ್ಲಿದ್ದದ್ದನ್ನು ಹಾಗೆಯೇ ನೆಲಕ್ಕೆ ಇಟ್ಟರು.

"ಕಧೀ ಝಾಲಂ?" ಎಂದು ಮೆಲ್ಲಗೆ ಕೇಳಿದರು. ಯಾವಾಗ ಆಯಿತು ಎಂದು.

ಏನೂ ಆಗಿಲ್ಲ, ಬಾಬಾ ಚೆನ್ನಾಗಿದ್ದಾರೆ ಎಂದು ನಾನು ತೊದಲುವಷ್ಟರಲ್ಲಿ ಒಳಗಿನಿಂದ, ಕತ್ತಲೆಯಾಗಿದ್ದ ನಡುಕೋಣೆಯ ಮಂಚದಿಂದ, ಅಪ್ಪನ ಸ್ಪಷ್ಟವಾದ ಮರಾಠಿ ಬಂತು.

"ಕಾಲ್ ಸಕಾಳೀ." ನಿನ್ನೆ ಬೆಳಿಗ್ಗೆ.

ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಾಲಿನ ಚೀಲ ಹತ್ತು ಗಂಟೆಯವರೆಗೂ ಅಲ್ಲೇ ಇತ್ತು.

ಡಾಕ್ಟರಿಗೆ ಫೋನು ಮಾಡಿದೆ. ಇಪ್ಪತ್ತನಾಲ್ಕು ಗಂಟೆ ದಾಟಿದೆ, ಮಧ್ಯಾಹ್ನದೊಳಗೆ ನೀರು ಇಳಿಯದಿದ್ದರೆ ಕರೆತನ್ನಿ, ಸಲೈನ್ ಹಾಕಬೇಕು ಎಂದರು. ಆಸ್ಪತ್ರೆ ಎಂದರೆ ಮತ್ತೆ ನಳಿಗೆ, ಮತ್ತೆ ಕೈ ಕಟ್ಟಿಹಾಕುವುದು. ಹೋದ ಸಲ ಹತ್ತು ದಿನಕ್ಕೆ ನನ್ನನ್ನು ಗುರುತಿಸಿದ್ದರು. ಈ ಸಲ ಅಲ್ಲಿಂದ ವಾಪಸು ಬರುವವರು ಯಾರು ಎಂದು ನಾನು ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕುತ್ತಿದ್ದಾಗ ಹೆಂಡತಿ ಕುಕ್ಕರಿನ ಮುಚ್ಚಳ ಇಟ್ಟು ನನ್ನ ಕಡೆ ತಿರುಗಿದಳು.

"ಬದುಕೀರಿ ಬದುಕೀರಿ ಅಂತ ಎಷ್ಟು ಸಲ ಹೇಳ್ತೀರಿ ಅವರಿಗೆ? ಕೇಳಂಗಿಲ್ಲ ಅವರು. ಆತು, ಸತ್ತಾರ ಅಂತನ ತಿಳ್ಕೊಳ್ರಿ. ಸತ್ತೋರು ಉಣ್ಣಂಗಿಲ್ಲ ಅಂತ ಯಾರು ಹೇಳ್ಯಾರ? ಈ ಹದಿನೈದು ದಿನ ಊರತುಂಬ ಉಣ್ಣೋರು ಅವರ."

ಅರ್ಥವಾಗಲು ಒಂದು ನಿಮಿಷ ಬೇಕಾಯಿತು.

"ಜೀವ ಇರುವವರಿಗೆ ಎಡೆ ಇಡ್ಲಿಕ್ಕೆ ಆಗ್ತದಾ? ನಾಳೆ ನಿಜವಾಗಿ ಏನಾದ್ರೂ ಆದ್ರೆ? ನಾನೇ ಕರೆದ ಹಾಗೆ ಆಗ್ತದೆ."

"ಮೀಸಿ ನಾ ತಗದೇನೇನು? ಅರ್ಧಾ ನೀವ ಮಾಡಿಟ್ಟೀರಿ, ಉಳಿದರ್ಧಾ ನಾ ಮಾಡ್ತೇನಿ. ನಿಮಗ ಶಕುನ ಬೇಕೋ, ಅಪ್ಪ ಬೇಕೋ, ನೋಡ್ರಿ."

ಅವಳು ಉದ್ದಿನ ಬೇಳೆ ನೆನೆಹಾಕಿಯೇ ಬಿಟ್ಟಿದ್ದಳು ಎಂದು ಆಮೇಲೆ ಗೊತ್ತಾಯಿತು.

ಹನ್ನೆರಡೂವರೆಗೆ ಎಲೆ ಸಿದ್ಧವಾಯಿತು. ಅನ್ನ, ಸಾರು, ವಡೆ, ಪಾಯಸ. ಪಾಯಸ ನೋಡಿ ಶುಗರ್ ಇರುವವರಿಗೆ ಇದು ಬೇಡ ಎಂದೆ. "ಮರೇ ಹುವೇ ಕೋ ಶುಗರ್ ನಹೀಂ ಹೋತಾ, ಪಪ್ಪಾ," ಎಂದಳು ಮಗಳು, ಸತ್ತವರಿಗೆ ಶುಗರ್ ಇರುವುದಿಲ್ಲ ಎಂದು. ಯಾರೂ ನಗಲಿಲ್ಲ, ಅವಳೂ. ಎಲೆಯನ್ನು ಗ್ರಿಲ್ಲಿನೊಳಗೆ ದಕ್ಷಿಣಕ್ಕೆ ಮುಖ ಮಾಡಿ ಇರಿಸಿದೆ. ನೀರು ಬಿಡಬೇಕು, ಯಾರ ಹೆಸರಿಗೆ ಎಂದು ಹೇಳಬೇಕು. ಬದುಕಿರುವ ಅಪ್ಪನ ಹೆಸರನ್ನು, ಅವರು ಬೆನ್ನ ಹಿಂದೆ ಕುರ್ಚಿಯಲ್ಲಿ ಕುಳಿತು ಕೇಳುತ್ತಿರುವಾಗ, ಆ ಕ್ರಮದಲ್ಲಿ ಹೇಳಿದೆ. ಎಳ್ಳು ಹಾಕಲು ಮಾತ್ರ ಕೈ ಬರಲಿಲ್ಲ.

"ಎಳ್ಳು," ಎಂದರು ಅಪ್ಪ ಹಿಂದಿನಿಂದ.

ಹಾಕಿದೆ.

ಕಾಗೆಗಳನ್ನು ಕರೆದೆ. ಎದುರಿನ ಎಸಿ ಡಬ್ಬಗಳ ಮೇಲೆ ಏಳೆಂಟು ಇದ್ದವು. ಒಂದೂ ಏಳಲಿಲ್ಲ. ಹತ್ತು ನಿಮಿಷ. ಕಾಲು ಗಂಟೆ. ಒಂದು ಕಾಗೆ ಹಾರಿಬಂದು ಗ್ರಿಲ್ಲಿನ ಸರಳಿನ ಮೇಲೆ ಕುಳಿತು, ಎಲೆಯನ್ನಲ್ಲ, ಕುರ್ಚಿಯಲ್ಲಿದ್ದ ಅಪ್ಪನನ್ನು ತಲೆ ಓರೆ ಮಾಡಿ ನೋಡಿತು. ಅಪ್ಪನೂ ನೋಡಿದರು. ಅದು ಹಾಗೆಯೇ ವಾಪಸು ಹೋಯಿತು.

"ಮುಟ್ಟೂದಿಲ್ಲ ಅದು," ಎಂದರು ಅಪ್ಪ. ಅವರ ತುಟಿ ಬಿರಿದು ಬೆಳ್ಳಗಾಗಿತ್ತು. "ಏನಾದ್ರೂ ಆಸೆ ಉಳಿದಿದ್ರೆ ಮುಟ್ಟೂದಿಲ್ಲ."

ಅದು ಎಲ್ಲರೂ ಬಲ್ಲ ಮಾತು. ಕಾಗೆ ಮುಟ್ಟದಿದ್ದರೆ ಮನೆಯವರು ಒಬ್ಬೊಬ್ಬರಾಗಿ ಎಲೆಯ ಮುಂದೆ ಬಂದು, ನಿನ್ನ ಮಗಳ ಮದುವೆ ನಾವು ಮಾಡುತ್ತೇವೆ, ಮನೆ ಮಾರುವುದಿಲ್ಲ ಎಂದು ಊಹಿಸಿ ಊಹಿಸಿ ಮಾತು ಕೊಡುತ್ತಾರೆ. ಯಾವುದೋ ಒಂದು ಮಾತಿಗೆ ಕಾಗೆ ಇಳಿಯುತ್ತದೆ. ನನಗೆ ಊಹಿಸುವ ಕಷ್ಟ ಇರಲಿಲ್ಲ. ಕೇಳಬಹುದಿತ್ತು.

"ಏನು ಆಸೆ ಅಪ್ಪ?"

ಅವರು ಗಲ್ಲದ ಮೇಲೆ ಕೈ ಆಡಿಸಿದರು. ಹನ್ನೊಂದು ದಿನದ ಬಿಳಿ ಗಡ್ಡ ಸರಸರ ಎಂದಿತು.

"ಇಷ್ಟು ಗಡ್ಡ ಇಟ್ಟುಕೊಂಡು ಎಲ್ಲಿಗೆ ಹೋಗ್ಲಿ ನಾನು? ನಾಲ್ಕು ಜನರ ಎದುರು ಕೂರ್ಲಿಕ್ಕಿಲ್ವಾ?"

"ಪಕ್ಷದಲ್ಲಿ ತೆಗೀಬಾರದು ಅಂತ ನೀವೇ ಹೇಳಿದ್ದು."

"ಅದು ಬದುಕಿದ್ದವರಿಗೆ, ಮಾರಾಯ."

ಬಿಸಿನೀರು ತಂದೆ. ಕತ್ತಿಯನ್ನು ಪಟ್ಟಿಯ ಮೇಲೆ ಹದಿನೈದು ಸಲ ಆಡಿಸಿದೆ, ಬೆನ್ನು ಮುಂದಾಗಿ. ಅಪ್ಪನ ಹೆಗಲಿಗೆ ಟವೆಲ್ ಹೊದೆಸಿ ಸೋಪಿನ ನೊರೆ ಹಚ್ಚಿದೆ. ಎಡಗೈ ಹೆಬ್ಬೆರಳಿನಿಂದ ಕಿವಿಯ ಹತ್ತಿರದ ಚರ್ಮ ಎಳೆದು ಹಿಡಿದು ಅಲಗನ್ನು ಇಟ್ಟೆ. ನನ್ನ ಕೈ ನಡುಗುತ್ತದೆ ಎಂದು ಕಾಯುತ್ತಿದ್ದೆ. ನಡುಗಲಿಲ್ಲ. ಹಲ್ಲಿಲ್ಲದೆ ಒಳಗೆ ಹೋಗಿದ್ದ ಕೆನ್ನೆಗೆ ಅಪ್ಪ ಗಾಳಿ ತುಂಬಿ ಉಬ್ಬಿಸಿ ಕೊಟ್ಟರು, ಆ ಬದಿ ಮುಗಿದ ಮೇಲೆ ಈ ಬದಿ. ಕೂದಲು ಕಡಿಯುವ ಸದ್ದು ಕೂಡ ಇರಲಿಲ್ಲ. ಕತ್ತಿ ಹೋದ ದಾರಿಯಲ್ಲಿ ಹಳೆಯ ಮುಖ ಹೊರಗೆ ಬರುತ್ತಿತ್ತು.

ಕೊನೆಗೆ ಗಂಟಲು. ಅವರು ತಲೆಯನ್ನು ಹಿಂದಕ್ಕೆ ಚೆಲ್ಲಿದರು. ಕಣ್ಣು ತೆರೆದೇ ಇತ್ತು, ಮಾಡಿನ ಕಡೆಗೆ. ಗಂಟಲಮಣಿಯ ಮೇಲೆ ಅಲಗು ಇಟ್ಟಾಗ ನನಗೆ ಅನ್ನಿಸಿತು, ಎದೆ ಏಳುತ್ತಿಲ್ಲ. ನೋಡಿದೆ. ಟವೆಲ್ ಅಲುಗುತ್ತಿಲ್ಲ. ನಾನು ಕತ್ತಿ ಸರಿಸಲಿಲ್ಲ, ಎತ್ತಲೂ ಇಲ್ಲ. ಎದುರು ಸಾಲಿನಲ್ಲಿದ್ದ ಕಾಗೆಗಳೂ ಸದ್ದಿಲ್ಲದೆ ನೋಡುತ್ತಿದ್ದವು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ, ಮಗಳು. ಎಷ್ಟು ಹೊತ್ತೋ ತಿಳಿಯದು. ಸತ್ತವರು ಎಂಜಲು ನುಂಗುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಬೆರಳಿನ ಕೆಳಗೆ ಗಂಟಲಮಣಿ ಮೇಲಕ್ಕೆ ಹೊರಟಿತು. ಅಲಗನ್ನು ಎತ್ತಿದೆ. ಅಪ್ಪ ನುಂಗಿದರು.

"ನಿಲ್ಲಿಸಿದ್ದು ಯಾಕೆ?" ಎಂದರು.

ಮುಖ ಒರೆಸಿದ ಮೇಲೆ ಅಂಗೈಯಿಂದ ಸವರಿ ನೋಡಿಕೊಂಡರು. ಎಲ್ಲೂ ರಕ್ತ ಇರಲಿಲ್ಲ. ಅದೇ ಹೊತ್ತಿಗೆ ಗ್ರಿಲ್ಲಿನ ಮೇಲೆ ರೆಕ್ಕೆ ಬಡಿದ ಸದ್ದಾಯಿತು. ಕಾಗೆಯೊಂದು ವಡೆ ಕಚ್ಚಿಕೊಂಡು ಹೋಯಿತು.

"ಆಯ್ತಲ್ಲ," ಎಂದು ಅಪ್ಪ ಕುರ್ಚಿಯನ್ನು ಎಲೆಯ ಹತ್ತಿರ ಎಳೆದುಕೊಂಡರು. ಕಾಗೆ ಮುಟ್ಟಿದ ಅನ್ನ, ಹಕ್ಕಿಜ್ವರ ಗಿಕ್ಕಿಜ್ವರ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಇನ್ನೊಂದು ಎಲೆ ತಂದು ಬದಲಿಸಿದ್ದಳು. ಮಾತ್ರೆಗಳನ್ನು ಪುಡಿ ಮಾಡಿ ಸಾರನ್ನದಲ್ಲಿ ಕಲಸಿದ್ದು ಅವಳಿಗೂ ನನಗೂ ಮಾತ್ರ ಗೊತ್ತು. ಅಪ್ಪ ಉಂಡರು. ಎರಡು ಲೋಟ ನೀರು ಕುಡಿದರು. ಸಾರಿಗೆ ಉಪ್ಪು ಸಾಲದು ಎಂದರು. ಹೆಂಡತಿ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಒಂದೇ ಪಾತ್ರೆ ತೊಳೆದಳು. ನಾನು ಡಾಕ್ಟರಿಗೆ ಫೋನು ಮಾಡಿ, ನೀರು ಇಳಿಯಿತು ಎಂದೆ. ಹೇಗೆ ಎಂದು ಅವರು ಕೇಳಿದಾಗ, ಕ್ಷೌರ ಮಾಡಿಸಿದೆವು ಎಂದೆ. ನೋಡಿದಿರಾ, ಅದೇ ನಾನು ಹೇಳಿದ್ದು ಎಂದರು.

ಕೈ ತೊಳೆಸುವಾಗ ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದರು.

"ನಾಳೆ ಇನ್ನೊಂದು ಎಲೆ ಹಾಕ್ಲಿಕ್ಕೆ ಹೇಳು. ನನ್ನ ಅಪ್ಪ ಬಂದಿದ್ದಾರೆ. ಅವರದ್ದೂ ಗಡ್ಡ ಬೆಳೆದಿದೆ."

ಸೋಮವಾರ ಆಫೀಸಿಗೆ ರಜೆ ಹಾಕಿದೆ. ಹೆಂಡತಿ ಒಂದು ಮಾತನ್ನೂ ಕೇಳದೆ ಎರಡು ಎಲೆ ಹಾಕಿದಳು. ಎರಡು ಕುರ್ಚಿ ಇಟ್ಟೆ. ಒಂದರಲ್ಲಿ ಅಪ್ಪ ಕುಳಿತರು. ಎಲೆಯ ಮುಂದೆ ಕುಳಿತವರು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಪಕ್ಕದ ಖಾಲಿ ಕುರ್ಚಿಯನ್ನೂ ನನ್ನನ್ನೂ ನೋಡತೊಡಗಿದರು. ಅನ್ನದಿಂದ ಹಬೆ ಏಳುತ್ತಿತ್ತು. ಸಾರನ್ನದಲ್ಲಿ ಮಾತ್ರೆ ಇತ್ತು.

ನಾನು ಖಾಲಿ ಕುರ್ಚಿಯ ಬೆನ್ನಿಗೆ ಟವೆಲ್ ಹೊದೆಸಿದೆ. ಬಿಸಿನೀರಿನಲ್ಲಿ ಬ್ರಶ್ ಅದ್ದಿ ನೊರೆ ಎಬ್ಬಿಸಿದೆ. ಕತ್ತಿಯನ್ನು ಪಟ್ಟಿಯ ಮೇಲೆ ಆಡಿಸಿ, ಕುಳಿತ ಮನುಷ್ಯನ ಕೆನ್ನೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಅಪ್ಪನನ್ನು ನೋಡಿ ಅಂದಾಜು ಮಾಡಿ, ಅಲ್ಲಿಂದ ಮೆಲ್ಲಗೆ ಕೆಳಗೆ ಎಳೆದೆ. ಬಲಗಡೆ, ಎಡಗಡೆ, ಕೊನೆಗೆ ಗಂಟಲು. ಗಂಟಲ ಹತ್ತಿರ ತಡೆದು ನಿಂತು, ನುಂಗಲು ಸಮಯ ಕೊಟ್ಟೆ.

"ಎಡ ಕಿವಿಯ ಹತ್ತಿರ ಸ್ವಲ್ಪ ಉಂಟು," ಎಂದರು ಅಪ್ಪ.

ಅದನ್ನೂ ತೆಗೆದೆ. ಅವರು ಪಕ್ಕಕ್ಕೆ ಒಮ್ಮೆ ನೋಡಿ, ತಲೆಯಾಡಿಸಿ, ಅನ್ನಕ್ಕೆ ಕೈ ಹಾಕಿದರು.